ರಾತ್ರಿ ಎರಡು ಗಂಟೆಯ ಗೆಳತಿಯರು

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂರು ವಾರದಿಂದ ನಿದ್ದೆಯಿಲ್ಲ, ಯಾರೋ ಹೆಸರು ಹಿಡಿದು ಕರೆದಂತಾಗುತ್ತದೆ, ಅಪ್ಪ ಅಮ್ಮನಿಗೆ ಹೇಳಲು ಭಯ. ಹಾಗಾಗಿ ರಾತ್ರಿ ಎರಡು ಗಂಟೆಗೆ ಹೊದಿಕೆಯೊಳಗೆ ಮೊಬೈಲ್ ಹಿಡಿದು, ಮುಖ ನೋಡಿರದ ಗೆಳತಿಯರಿಗೆ ಬರೆದಿರಿ. ಅದು ತಪ್ಪಲ್ಲ. ಒಳಗೇ ನುಂಗಿಕೊಳ್ಳದೆ ಯಾರಿಗಾದರೂ ಹೇಳಿಕೊಂಡಿರಲ್ಲ, ನನಗೆ ಅದೇ ದೊಡ್ಡ ಸಮಾಧಾನ.

ಆದರೆ ಅವರಲ್ಲಿ ಒಬ್ಬಳು ‘ಇದು ಸ್ಕಿಜೋಫ್ರೇನಿಯಾ’ ಎಂದಳು, ಇನ್ನೊಬ್ಬಳು ತಾನು ನುಂಗುವ ಮಾತ್ರೆಯ ಹೆಸರು ಕಳಿಸಿದಳು ಎಂದಿದ್ದೀರಿ. ದಯವಿಟ್ಟು ಆ ಮಾತ್ರೆ ಮುಟ್ಟಬೇಡಿ. ತೀರಾ ನಿದ್ದೆಗೆಟ್ಟಾಗ, ತೀವ್ರ ಖಿನ್ನತೆಯಲ್ಲಿ, ಕೆಲವೊಮ್ಮೆ ಥೈರಾಯ್ಡ್ ಏರುಪೇರಾದಾಗಲೂ ಇಂಥ ಅನುಭವ ಆಗಬಹುದು. ಕಾಯಿಲೆ ಹೌದೋ ಅಲ್ಲವೋ ಎನ್ನುವುದನ್ನು ಎದುರು ಕೂತು ಕೇಳಿ, ಪರೀಕ್ಷಿಸಿದ ಮನೋವೈದ್ಯರೇ ಹೇಳಬೇಕು.

ಇವತ್ತೇ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹತ್ತಿರದಲ್ಲಿ ಯಾರಿಗೆ ತೋರಿಸಬೇಕೆಂದೂ ಕೇಳಿ. ಊರೆಲ್ಲ ಗೊತ್ತಾದೀತೆಂಬ ಅಳುಕು ಬೇಡ. ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕೆಂಬುದು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮಗೆ ಕೊಟ್ಟ ಹಕ್ಕು.

ಗೆಳತಿಯರನ್ನು ಬಿಡಬೇಡಿ. ವೈದ್ಯರ ಬಳಿ ಹೋಗುವ ದಿನ ಅವರಿಗೆ ತಿಳಿಸಿ, ‘ಹೋದೆಯಾ?’ ಎಂದು ಕೇಳಲು ಹೇಳಿ. ಆದರೆ ಆ ದನಿ ‘ಸಾಯಿ’ ಎಂದರೆ ಮಾತ್ರ ಮೆಸೇಜ್ ಬರೆಯುತ್ತ ಕೂರದೆ, ಪಕ್ಕದ ಕೋಣೆಯಲ್ಲಿ ಮಲಗಿರುವ ಅಕ್ಕನನ್ನು ಎಬ್ಬಿಸಿ.