ರಂಗನತಿಟ್ಟಿನ ರಕ್ಷಣೆ

ದ್ವೀಪವೆಂದೊಡನೆ ಕಡಲ ನಡುವಣ ನೆಲವೇ ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ಆದರೆ ನದಿಗಳಲ್ಲಿಯೂ ದ್ವೀಪಗಳುಂಟು. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದ ಬಳಿ, ಕಾವೇರಿಯ ಮಡಿಲಲ್ಲಿರುವ ಕಿರುದ್ವೀಪಗಳ ಗುಂಪೇ ರಂಗನತಿಟ್ಟು. ಹದಿನೇಳನೆಯ ಶತಮಾನದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದಾಗ ಈ ತಿಟ್ಟುಗಳು ರೂಪುಗೊಂಡವು.

ಹೊಳೆಮತ್ತಿ, ಬಿದಿರು ಮೊದಲಾದವು ಬೆಳೆದಿರುವ ಈ ತಿಟ್ಟುಗಳಿಗೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಬಿಳಿ ಕೆಂಬರಲು, ನೀರುಕಾಗೆ, ಬೆಳ್ಳಕ್ಕಿ ಮುಂತಾದ ಹಕ್ಕಿಗಳು ಗೂಡು ಕಟ್ಟಲು ಬರುತ್ತವೆ. ಸುತ್ತಲಿನ ನೀರು ನಾಯಿನರಿಗಳನ್ನು ದೂರವಿಡುತ್ತದೆ; ಆ ನೀರಿನಲ್ಲಿ ಮೊಸಳೆಗಳೂ ಇವೆ. ಆದರೆ ಕೋವಿಯನ್ನೋ ಕೊಡಲಿಯನ್ನೋ ಹಿಡಿದು ದೋಣಿಯಲ್ಲಿ ಬರುವ ಮನುಷ್ಯನನ್ನು ನೀರು ತಡೆಯಲಾರದು. ಅವನನ್ನು ತಡೆಯುವುದಕ್ಕೆ ಕಾಯಿದೆಯೇ ಬೇಕು.

ಮೈಸೂರು ಸಂಸ್ಥಾನದಲ್ಲಿ ಪಕ್ಷಿಗಳ ಸಮೀಕ್ಷೆ ನಡೆಸಿದ ಪಕ್ಷಿಶಾಸ್ತ್ರಜ್ಞ ಸಾಲಿಂ ಅಲಿಯವರು ಈ ತಿಟ್ಟುಗಳ ಮಹತ್ತ್ವವನ್ನು ಮನಗಂಡರು. ಅವರ ಸಲಹೆಯಂತೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವೆಂದು ಘೋಷಿತವಾಯಿತು. ಸ್ವಾತಂತ್ರ್ಯಾನಂತರ, 1972ರಲ್ಲಿ, ಸಂಸತ್ತು ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ಅಂಗೀಕರಿಸಿತು. ಈ ಕಾಯಿದೆಯ ಮೇರೆಗೆ ಧಾಮದೊಳಗೆ ಬೇಟೆಯಾಡುವುದು, ಬೆಂಕಿ ಹಚ್ಚುವುದು, ವಿಷವಸ್ತುಗಳನ್ನು ಬಳಸುವುದು ಅಪರಾಧ. ಧಾಮದ ಒಳಗೆ ಬರುವ ಅಥವಾ ಹೊರಗೆ ಹೋಗುವ ನೀರಿನ ಹರಿವನ್ನು ಬದಲಿಸಲು ಸಹ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. 1976ರ ನಲವತ್ತೆರಡನೆಯ ತಿದ್ದುಪಡಿಯಿಂದ ವನ್ಯಜೀವಿಗಳ ರಕ್ಷಣೆ ಸಂವಿಧಾನದಲ್ಲಿಯೇ ಸ್ಥಾನ ಪಡೆಯಿತು: ಅದು ರಾಜ್ಯದ ಹೊಣೆಯೆಂದೂ, ಜೀವಿಗಳಲ್ಲಿ ದಯೆ ತೋರುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದೂ ಸಾರಲಾಯಿತು. ಜೌಗುನೆಲಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸಾರ್ ನಗರದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ರಂಗನತಿಟ್ಟು 2022ರಲ್ಲಿ ಸೇರಿತು.

ಇಷ್ಟೆಲ್ಲ ರಕ್ಷಣೆಯಿದ್ದರೂ ಪಕ್ಷಿಧಾಮದ ವಿಸ್ತಾರ 0.67 ಚದರ ಕಿಲೋಮೀಟರು ಮಾತ್ರ. ಹಕ್ಕಿಗಳಿಗೆ ಈ ಎಲ್ಲೆಕಟ್ಟು ತಿಳಿಯದು. ಮರಿಗಳಿಗೆ ಆಹಾರ ತರಲು ಅವು ಸುತ್ತಣ ಗದ್ದೆಗಳಿಗೂ ಕೆರೆಗಳಿಗೂ ಹಾರುತ್ತವೆ. ಮೇಲಣ ಕೃಷ್ಣರಾಜಸಾಗರದಿಂದ ಹೆಚ್ಚಿನ ನೀರು ಬಿಟ್ಟಾಗ ತಿಟ್ಟುಗಳು ಮುಳುಗಿ ಮಣ್ಣು ಕೊಚ್ಚಿಹೋಗುತ್ತದೆ. ಧಾಮದ ಒಳಿತು ಹೊರಗಿನ ಬದುಕಿನೊಡನೆ ಹೀಗೆ ಹೆಣೆದುಕೊಂಡಿದೆ.

ಆದುದರಿಂದಲೇ ಕಾಯಿದೆಯು ಸ್ಥಳವನ್ನಷ್ಟೇ ಅಲ್ಲದೆ ಜೀವಿಯನ್ನೂ ಕಾಯುತ್ತದೆ. ಅದರ ಅನುಸೂಚಿಗಳಲ್ಲಿ ಹೆಸರಿಸಿದ ಪ್ರಾಣಿಪಕ್ಷಿಗಳು ಎಲ್ಲಿದ್ದರೂ ಅವನ್ನು ಕೊಲ್ಲುವಂತಿಲ್ಲ. ಬೀದರ ಜಿಲ್ಲೆಯ ಬಯಲಿನಲ್ಲಿ ಅಲೆಯುವ ಕೃಷ್ಣಮೃಗಕ್ಕೂ ಇದೇ ಆಸರೆ. ಆದರೆ ಕಾಯಿದೆ ಕೈಯನ್ನು ತಡೆಯಬಲ್ಲುದೇ ಹೊರತು ಮನಸ್ಸನ್ನು ತಿದ್ದಲಾರದು. ಕೆರೆಗೆ ವಿಷ ಬೆರೆಯದಂತೆ, ಗೂಡಿರುವ ಮರ ಉರುಳದಂತೆ ನೋಡಿಕೊಳ್ಳುವುದು ಊರಿನ ಜನರ ವಿವೇಕಕ್ಕೆ ಸೇರಿದ್ದು. ಆ ವಿವೇಕವಿದ್ದಲ್ಲಿ ಮಾತ್ರ ಶಾಸನದ ಅಕ್ಷರಗಳಿಗೆ ಜೀವ ಬರುತ್ತದೆ.

ಅಭ್ಯಾಸ

1. ರಂಗನತಿಟ್ಟಿನ ಕಿರುದ್ವೀಪಗಳು ಹೇಗೆ ರೂಪುಗೊಂಡವು?
2. ನೀರಿನ ರಕ್ಷಣೆಯಿದ್ದರೂ ಕಾಯಿದೆಯ ರಕ್ಷಣೆ ಏಕೆ ಬೇಕಾಯಿತು?
3. ‘ಹಕ್ಕಿಗಳಿಗೆ ಈ ಎಲ್ಲೆಕಟ್ಟು ತಿಳಿಯದು’ – ವಿವರಿಸಿರಿ.