ರೀವದ ಗೂಡು ನೋಡಬೇಕೆ? ದಸರಾ ರಜೆಯಲ್ಲಿ ಹೋಗಬೇಡಿ

ದಸರಾ ರಜೆಯಲ್ಲಿ ಭದ್ರಾ ಹಿನ್ನೀರಿಗೆ ಹೋಗಿ, ‘ದೋಣಿಯಲ್ಲಿ ಸುತ್ತಿದ್ದೇ ಬಂತು, ಒಂದು ಗೂಡೂ ಕಾಣಲಿಲ್ಲ’ ಎಂದು ಗೊಣಗುವವರು ಸೋಮವಾರಪೇಟೆ ಕಡೆ ಸಿಗುತ್ತಲೇ ಇರುತ್ತಾರೆ. ಕಾಣುವುದಾದರೂ ಹೇಗೆ? ಆಗ ಗೂಡಿನ ಜಾಗವೇ ನೀರಿನಡಿ ಇರುತ್ತದೆ.

ನದಿ ರೀವ, ಅಂದರೆ ರಿವರ್ ಟರ್ನ್, ಕಡಲಹಕ್ಕಿಗಳ ನೆಂಟ. ಕಪ್ಪು ನೆತ್ತಿ, ಹಳದಿ ಕೊಕ್ಕು, ಕವಲು ಬಾಲ. ಹಿನ್ನೀರು ಇಳಿದಾಗ ಮೇಲೇಳುವ ನಡುಗಡ್ಡೆಗಳ ಬರಿನೆಲದಲ್ಲಿ ಕುಳಿ ಮಾಡಿ ಎರಡು–ಮೂರು ಮೊಟ್ಟೆ ಇಡುತ್ತದೆ.

ಆದ್ದರಿಂದ ರೋಬಸ್ಟಾ ಕಾಫಿ ಕೊಯ್ಲಿನ ಗಡಿಬಿಡಿ ಮುಗಿಸಿಕೊಂಡು ಮಾರ್ಚ್–ಏಪ್ರಿಲ್‌ನಲ್ಲಿ ಹೊರಡಿ. ಅದಕ್ಕೂ ಮೊದಲು ಪತ್ರಿಕೆಯಲ್ಲಿ ಜಲಾಶಯದ ಮಟ್ಟ ನೋಡಿ. ಭದ್ರೆಯ ಪೂರ್ಣ ಮಟ್ಟ 186 ಅಡಿ; ಅದರ ಹತ್ತಿರವಿದ್ದರೆ ಪ್ರಯಾಣ ಮುಂದೂಡಿ. ಲಕ್ಕವಳ್ಳಿಯಲ್ಲಿ ಜಂಗಲ್ ಲಾಡ್ಜಸ್‌ನವರ ರಿವರ್ ಟರ್ನ್ ಲಾಡ್ಜ್ ಇದೆ. ಬೇಸಿಗೆ ರಜೆಯಲ್ಲಿ ಕೋಣೆ ಸುಲಭವಾಗಿ ಸಿಗದು, ಮೊದಲೇ ಕಾದಿರಿಸಿ. ದೋಣಿ ಸಫಾರಿಯೂ ಸೇರಿದೆಯೇ ಎಂದು ಬಾಯಿಬಿಟ್ಟು ಕೇಳಿ; ಜೀಪಿನಲ್ಲಿ ಕಾಡು ಸುತ್ತಿದರೆ ರೀವದ ಗೂಡು ಕಾಣುವುದಿಲ್ಲ. ಸೋಮವಾರಪೇಟೆಯಿಂದ ಶನಿವಾರಸಂತೆ, ಕೊಡ್ಲಿಪೇಟೆ, ಸಕಲೇಶಪುರ, ಬೇಲೂರು, ಚಿಕ್ಕಮಗಳೂರು, ತರೀಕೆರೆ ದಾಟಿ ಹೋಗಬೇಕು. ಬೆಳಗಿನ ದೋಣಿ ಬೇಕಿದ್ದರೆ ಹಿಂದಿನ ದಿನವೇ ತಲುಪಿ ಉಳಿದುಕೊಳ್ಳಿ.

ಇನ್ನು ನನಗೆ ಸಿಟ್ಟು ಬರಿಸುವ ಸಂಗತಿ. ‘ಇನ್ನೊಂಚೂರು ಹತ್ತಿರ ಬಿಡಣ್ಣ, ಫೋಟೊ ಚೆನ್ನಾಗಿ ಬರುತ್ತೆ’ ಎಂದು ದೋಣಿ ನಡೆಸುವವರನ್ನು ಪೀಡಿಸುವುದು, ಹಕ್ಕಿ ಹಾರಲಿ ಎಂದು ಚಪ್ಪಾಳೆ ತಟ್ಟುವುದು. ಆ ನಡುಗಡ್ಡೆಯಲ್ಲಿ ನೆರಳಿಲ್ಲ. ತಾಯಿಹಕ್ಕಿ ಕೂತಿರುವುದು ಕಾವು ಕೊಡಲು ಮಾತ್ರವಲ್ಲ, ಸುಡುಬಿಸಿಲಿನಿಂದ ಮೊಟ್ಟೆ ಕಾಯಲೂ ಹೌದು. ಅದು ಎದ್ದಿತೋ, ಮೊಟ್ಟೆ ಕಾದ ನೆಲದ ಪಾಲು. ಇಲ್ಲವೇ ಕಾಗೆ, ಹದ್ದುಗಳ ಪಾಲು. ರೀವಗಳು ಗುಂಪಾಗಿ ಮೇಲೆದ್ದು ಕಿರುಚುತ್ತಾ ನಿಮ್ಮ ತಲೆಯ ಮೇಲೆ ಸುತ್ತತೊಡಗಿದರೆ ನೀವು ಅತಿ ಹತ್ತಿರ ಬಂದಿದ್ದೀರಿ ಎಂದೇ ಅರ್ಥ. ಕ್ಯಾಮೆರಾ ಕೆಳಗಿಳಿಸಿ, ದೋಣಿ ಹಿಂದಕ್ಕೆ ತಿರುಗಿಸಲು ನೀವೇ ಹೇಳಿ. ನಡುಗಡ್ಡೆಗೆ ಇಳಿಯುವ ಮಾತಂತೂ ಬೇಡವೇ ಬೇಡ: ಮಣ್ಣಿನ ಬಣ್ಣದ ಮರಿ ಮಿಸುಕದೆ ನೆಲಕ್ಕಂಟಿ ಕೂತಿರುತ್ತದೆ, ಕಾಲಡಿ ಸಿಕ್ಕರೂ ತಿಳಿಯದು.

ಲೈಫ್ ಜಾಕೆಟ್ ಬಿಚ್ಚಬೇಡಿ. 8×42 ಬೈನಾಕ್ಯುಲರ್ ಸಾಕು. ಇನ್ನೂ ಹೆಚ್ಚು ದೊಡ್ಡದಾಗಿ ತೋರಿಸುವುದು ದೋಣಿಯ ಕುಲುಕಾಟದಲ್ಲಿ ನಿಲ್ಲದು. ಟೋಪಿ, ಕುಡಿಯುವ ನೀರು ಇರಲಿ. ಚಿಪ್ಸ್ ಪ್ಯಾಕೆಟ್ ದಡದಲ್ಲೇ ಬಿಡಿ.