ಬಾಲದ ಮೇಲಿನ ಅಕ್ಷರ ನೋಡಿ ಮರುಳಾಗಬೇಡ

ನೋಡಪ್ಪಾ, ವಿಮಾನ ಕೊಳ್ಳಬೇಕೆಂಬ ನಿನ್ನ ಆಸೆಗೆ ನಾನು ಅಡ್ಡ ಬರುವವನಲ್ಲ. ಮೀನಂಬಾಕ್ಕಂನಲ್ಲಿ ಎಂಜಿನ್ ಬಿಚ್ಚಿ ಜೋಡಿಸುತ್ತಲೇ ತಲೆ ನರೆತವನು ನಾನು. ಸಣ್ಣ ವಿಮಾನದ ಸೆಳೆತ ಎಂಥದೆಂದು ಗೊತ್ತು. 1932ರ ಅಕ್ಟೋಬರಿನಲ್ಲಿ ಪೈಲಟ್ ನೆವಿಲ್ ವಿನ್ಸೆಂಟ್ ಒಂಟಿ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಟಪಾಲು ಹೊತ್ತು, ನಮ್ಮ ಬಳ್ಳಾರಿಯಲ್ಲಿ ತಂಗಿ, ಈ ಮದ್ರಾಸಿಗೆ ಬಂದಿಳಿದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮ್ಯೂನಿಕ್‌ನಲ್ಲಿ ವಾರವಿಡೀ ದುಡಿದು ಶನಿವಾರ ಆಲ್ಪ್ಸ್ ಕಡೆ ಹಾರಬೇಕು ಅನ್ನುವ ನಿನ್ನ ಮನಸ್ಸನ್ನು ನಾನು ತಪ್ಪೆನ್ನಲಾರೆ.

ನನ್ನ ನಿದ್ದೆ ಕೆಡಿಸಿದ್ದು ನಿಮ್ಮಮ್ಮ ಹೇಳಿದ ಮಾತು. ‘ಅಮೆರಿಕದ ನಂಬರಿನ ವಿಮಾನವಂತೆ ಅಣ್ಣಾ, ಅದಕ್ಕೆ ಯುರೋಪಿನ ರೂಲ್ಸು ತಗಲೋದಿಲ್ಲವಂತೆ, ಇವನ ಅಮೆರಿಕದ ಲೈಸೆನ್ಸೇ ಸಾಕಂತೆ’ ಅಂದಳು. ನಿನಗೆ ಇದನ್ನು ಹೇಳಿದವರು ಯಾರೋ, ಅವರ ಮಾತಿನ ಮೇಲೆ ಮುಂಗಡ ಕೊಡಬೇಡ. ಒಂದು ಕಾಲದಲ್ಲಿ ಅದರಲ್ಲಿ ಅಷ್ಟಿಷ್ಟು ಹುರುಳಿತ್ತು. ಈಗ ಇಲ್ಲ.

ಬೆಂಗಳೂರಿನ ಕೆಎ ನಂಬರಿನ ಕಾರನ್ನು ತಂದು ಇಲ್ಲಿ ಮಾಡ ಬೀದಿಯಲ್ಲಿ ಎಷ್ಟು ದಿನ ಓಡಿಸಬಹುದು ಹೇಳು? ಹನ್ನೆರಡು ತಿಂಗಳು ದಾಟಿದರೆ ಕಾಯಿದೆಯ ಪ್ರಕಾರ ತಮಿಳುನಾಡಿನ ನಂಬರು ಹಾಕಿಸಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ವಿಮಾನಕ್ಕೆ ಹಾಗೆ ನಂಬರು ಬದಲಾಯಿಸಲೇಬೇಕೆಂಬ ಗಡುವು ಎಲ್ಲ ಕಡೆ ಇಲ್ಲ, ಅದಕ್ಕೇ ಜನ ಮೋಸಹೋಗುತ್ತಾರೆ. 1944ರ ಷಿಕಾಗೋ ಒಪ್ಪಂದದ ಪ್ರಕಾರ ವಿಮಾನಕ್ಕೆ ಒಂದೇ ದೇಶದ ನೋಂದಣಿ. ಆ ದೇಶವೇ ಅದರ ಹಾರಾಟಯೋಗ್ಯತೆಯ ಹೊಣೆ ಹೊರುತ್ತದೆ, ಅದನ್ನು ಹಾರಿಸುವವನ ಲೈಸೆನ್ಸನ್ನೂ ಅದೇ ಕೊಡಬೇಕು ಇಲ್ಲವೇ ಮಾನ್ಯ ಮಾಡಬೇಕು. ಅಷ್ಟು ಓದಿ ಪುಸ್ತಕ ಮುಚ್ಚಿದರೆ ಅಮೆರಿಕದ ನೋಂದಣಿ ಸೂಚಿಸುವ ಎನ್ ಅಕ್ಷರದ ವಿಮಾನಕ್ಕೆ ಆ ದೇಶದ ಕಾನೂನೊಂದೇ ಅನ್ನಿಸುವುದು ಸಹಜ. ಆದರೆ ಐರೋಪ್ಯ ಒಕ್ಕೂಟ ಈಗ ಕೇಳುವುದು ಬೇರೆ ಪ್ರಶ್ನೆ: ಈ ವಿಮಾನವನ್ನು ನಡೆಸುವವನು ಎಲ್ಲಿ ನೆಲೆಸಿದ್ದಾನೆ? ನೀನು ನೆಲೆಸಿರುವುದು ಜರ್ಮನಿಯಲ್ಲಿ. ಹಾಗಾಗಿ ಎನ್ ವಿಮಾನ ಹಾರಿಸಿದರೂ ಅಮೆರಿಕದ ಲೈಸೆನ್ಸಿನ ಜೊತೆಗೆ ಯುರೋಪಿನ ಲೈಸೆನ್ಸು, ಅಲ್ಲಿನ ವೈದ್ಯಕೀಯ ಸರ್ಟಿಫಿಕೇಟು ಎರಡೂ ಬೇಕು. ಈ ನಿಯಮಕ್ಕೆ ವರ್ಷ ವರ್ಷ ವಿಸ್ತರಿಸುತ್ತಿದ್ದ ವಿನಾಯಿತಿ 2022ರ ಜೂನ್‌ನಲ್ಲಿ ಮುಗಿದುಹೋಯಿತು.

ಹಾಗಾದರೆ ಜರ್ಮನ್ ಲೈಸೆನ್ಸೊಂದೇ ಸಾಕಲ್ಲ ಅನ್ನುತ್ತೀಯೇನೋ. ಅದೂ ಸಾಲದು. ಜರ್ಮನಿ ಕೊಟ್ಟ ಲೈಸೆನ್ಸಿನಲ್ಲಿ ಎನ್ ವಿಮಾನವನ್ನು ಜರ್ಮನಿಯೊಳಗೆ ಮಾತ್ರ ಹಾರಿಸಲು ಅಮೆರಿಕ ಒಪ್ಪುತ್ತದೆ. ಮ್ಯೂನಿಕ್‌ನಿಂದ ಸಾಲ್ಜ್‌ಬರ್ಗ್ ಕೂಗಳತೆ ದೂರ, ಆದರೆ ಅದು ಆಸ್ಟ್ರಿಯಾ. ಗಡಿ ದಾಟಿದ ಗಳಿಗೆಯಿಂದ ನಿನ್ನ ಹತ್ತಿರ ಅಮೆರಿಕದ ಲೈಸೆನ್ಸು ಇರಲೇಬೇಕು. ಎರಡನ್ನೂ ಜೀವಂತ ಇಟ್ಟುಕೊಳ್ಳುವುದೆಂದರೆ ಎರಡು ಬಗೆಯ ತಪಾಸಣೆ, ಎರಡು ಗಡುವು. ವಿದೇಶದ ವಿಳಾಸವಿರುವ ಅಮೆರಿಕನ್ ಲೈಸೆನ್ಸುದಾರರು ಅಲ್ಲೊಬ್ಬ ಪ್ರತಿನಿಧಿಯನ್ನು ನೇಮಿಸಿಕೊಳ್ಳಬೇಕೆಂಬ ನಿಯಮವೂ 2025ರಿಂದ ಬಂದಿದೆ, ಅದನ್ನು ಮಾಡಿದ್ದೀಯಾ? ನಿನ್ನದು ಅಮೆರಿಕದಲ್ಲೇ ಪರೀಕ್ಷೆ ಕೊಟ್ಟು ಪಡೆದ ಸ್ವತಂತ್ರ ಲೈಸೆನ್ಸು, ಅದು ಪುಣ್ಯ. 2021ರ ಮೇ ತಿಂಗಳಿನಿಂದ ಅಮೆರಿಕ ಮತ್ತು ಐರೋಪ್ಯ ಒಕ್ಕೂಟದ ನಡುವೆ ಒಪ್ಪಂದ ಜಾರಿಯಲ್ಲಿದೆ, ಖಾಸಗಿ ಲೈಸೆನ್ಸನ್ನು ಯುರೋಪಿನದಾಗಿ ಪರಿವರ್ತಿಸುವ ದಾರಿ ಮೊದಲಿಗಿಂತ ಹಗುರಾಗಿದೆ. ವಿಮಾನ ಹುಡುಕುವ ಮೊದಲು ಆ ಕೆಲಸ ಮುಗಿಸು.

ಇನ್ನು ಒಡೆತನ. ನೀನು ಅಮೆರಿಕದ ಪ್ರಜೆಯಲ್ಲ, ನಿನಗೆ ಗ್ರೀನ್ ಕಾರ್ಡೂ ಇಲ್ಲ. ನಿನ್ನ ಹೆಸರಿಗೆ ಎನ್ ನೋಂದಣಿ ಸಿಗುವುದಿಲ್ಲ. ಅಮೆರಿಕದ ಟ್ರಸ್ಟೊಂದರ ಹೆಸರಿಗೆ ವಿಮಾನ ಬರೆದು, ನೀನು ಅದರ ಫಲಾನುಭವಿಯಾಗಿ, ವರ್ಷಾ ವರ್ಷಾ ಶುಲ್ಕ ಕಟ್ಟಬೇಕು. ಕಾನೂನುಬದ್ಧವೇ, ಬಹಳ ಜನ ಮಾಡುತ್ತಾರೆ. ಆದರೆ ದುಡ್ಡು ನಿನ್ನದು, ಪತ್ರದಲ್ಲಿ ಹೆಸರು ಇನ್ನೊಬ್ಬರದು. ಇಂಥ ವ್ಯವಸ್ಥೆ ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

2019ರ ಜನವರಿ 21ರ ಸಂಗತಿ ನಿನಗೆ ನೆನಪಿರಬೇಕು. ಫುಟ್‌ಬಾಲ್ ಆಟಗಾರ ಎಮಿಲಿಯಾನೋ ಸಾಲಾ ಫ್ರಾನ್ಸಿನ ನಾಂತ್‌ನಿಂದ ಕಾರ್ಡಿಫ್‌ಗೆ ಹೊರಟ ರಾತ್ರಿ. ಅದು ಪೈಪರ್ ಮಾಲಿಬು, ಒಂಟಿ ಎಂಜಿನ್, ಎನ್ ನೋಂದಣಿ, ಟ್ರಸ್ಟಿನ ಒಡೆತನ. ಗರ್ನ್ಸಿ ದ್ವೀಪದ ಹತ್ತಿರ ಸಮುದ್ರಕ್ಕೆ ಬಿತ್ತು. ಪೈಲಟ್‌ಗೆ ರಾತ್ರಿ ಹಾರಾಟದ ಅರ್ಹತೆ ಇರಲಿಲ್ಲ, ದುಡ್ಡಿಗೆ ಪ್ರಯಾಣಿಕರನ್ನು ಒಯ್ಯುವ ಹಕ್ಕೂ ಇರಲಿಲ್ಲ. 2020ರ ಮಾರ್ಚಿನಲ್ಲಿ ಬ್ರಿಟಿಷ್ ತನಿಖಾ ವರದಿ ಬಂತು. ಸಾಲಾನ ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಬೆರೆತ ಹಿಮೋಗ್ಲೋಬಿನ್ 58%. ಹೊಗೆಕೊಳವೆಯ ಅನಿಲ ಕ್ಯಾಬಿನ್ನಿಗೆ ನುಗ್ಗಿತ್ತು, ಪೈಲಟ್‌ನನ್ನೂ ಬಹುಶಃ ಅದು ಬಾಧಿಸಿತ್ತು. ಎಚ್ಚರಿಸುವ ಸಾಧನವೊಂದೂ ಒಳಗಿರಲಿಲ್ಲ. ಹಾರಾಟ ಏರ್ಪಡಿಸಿದವನಿಗೆ 2021ರಲ್ಲಿ 18 ತಿಂಗಳ ಸೆರೆವಾಸವಾಯಿತು. ಆ ವಿಮಾನ ಬಿದ್ದದ್ದು ಅಮೆರಿಕದ ಅಕ್ಷರದಿಂದಲ್ಲ, ನಿಜ. ಆದರೆ ಯಾವ ದೇಶದ ನಿಯಮ ಯಾವುದಕ್ಕೆ ಅನ್ವಯಿಸುತ್ತದೆಂಬ ಮಸುಕು ಇದ್ದಲ್ಲಿ, ‘ನಡೆಯುತ್ತೆ ಬಿಡು’ ಅನ್ನುವವರಿಗೆ ಜಾಗ ಸಿಕ್ಕಿಬಿಡುತ್ತದೆ.

ಅದಕ್ಕೇ ನನ್ನ ಕಸುಬಿನ ಮಾತೊಂದು ಹೇಳುತ್ತೇನೆ. ಯಾವ ವಿಮಾನ ನೋಡಿದರೂ ಮೊದಲು ಬಾನೆಟ್ ತೆಗೆಸಿ ಸೈಲೆನ್ಸರ್ ನೋಡು. ಸೆಸ್ನಾದಂಥ ವಿಮಾನದಲ್ಲಿ ಕ್ಯಾಬಿನ್ನಿಗೆ ಬಿಸಿಗಾಳಿ ಬರುವುದು ಆ ಸೈಲೆನ್ಸರ್ ಸುತ್ತ ಸುತ್ತಿದ ತಗಡಿನ ಕವಚದಿಂದ. ಕವಚ ಬಿಚ್ಚಿಸಬೇಕು. ಟಾರ್ಚು, ಕೋಲಿಗೆ ಕಟ್ಟಿದ ಸಣ್ಣ ಕನ್ನಡಿ ಹಿಡಿದು ಬೆಸುಗೆಯ ಉದ್ದಕ್ಕೂ ನೋಡುತ್ತಾ ಹೋಗು. ಕೂದಲೆಳೆಯ ಬಿರುಕು ಕಣ್ಣಿಗೆ ಬೀಳದೆ ಇರಬಹುದು, ಅದರ ಅಕ್ಕಪಕ್ಕ ಹರಡಿದ ಬೂದಿ ಬಣ್ಣದ ಕಲೆ ಬಿದ್ದೇ ಬೀಳುತ್ತದೆ. ಕಂಡರೆ ಹೊರಟುಬಾ. ಕಾರ್ಬನ್ ಮಾನಾಕ್ಸೈಡ್‌ಗೆ ಕೂಗಿ ಎಚ್ಚರಿಸುವ ಡಿಟೆಕ್ಟರ್ ಇಂದೇ ಕೊಂಡುಕೋ, ಬಾಡಿಗೆ ವಿಮಾನದಲ್ಲೂ ಜೊತೆಗಿರಲಿ.

ಎನ್ ವಿಮಾನವಾದರೆ ವಾರ್ಷಿಕ ತಪಾಸಣೆಗೆ ಸಹಿ ಹಾಕಲು ಅಮೆರಿಕದ ಅನುಮತಿ ಪಡೆದವರೇ ಬೇಕು. ಯುರೋಪಿನಲ್ಲಿ ಅವರು ಊರಿಗೊಬ್ಬರಿಲ್ಲ. ದೊಡ್ಡ ರಿಪೇರಿಗಳ ದಾಖಲೆ ಒಕ್ಲಹೋಮ ಸಿಟಿಯ ನೋಂದಣಿ ಕಚೇರಿಯಲ್ಲಿರುತ್ತದೆ. ತರಿಸಿಕೊಂಡು ಲಾಗ್‌ಬುಕ್ಕಿನ ಪಕ್ಕ ಇಟ್ಟು ಓದು. ಇಲ್ಲಿದ್ದದ್ದು ಅಲ್ಲಿಲ್ಲದಿದ್ದರೆ ಮಾರುವವನನ್ನು ಕೇಳು.

ತೆರಿಗೆಯ ಮಾತು ಬೇಗ ಮುಗಿಸುತ್ತೇನೆ. ವಿದೇಶಿ ವಿಮಾನಕ್ಕೆ ಕಸ್ಟಮ್ಸ್ ಕೊಡುವ ತಾತ್ಕಾಲಿಕ ರಿಯಾಯಿತಿ ಒಕ್ಕೂಟದ ಹೊರಗಿನವರಿಗೆ, ನಿನಗಲ್ಲ. ವ್ಯಾಟ್ ಕಟ್ಟಿದ ರಸೀದಿ ಇಲ್ಲದ ವಿಮಾನ ಕೊಂಡರೆ ಜರ್ಮನಿಯ 19% ನಿನ್ನ ತಲೆಗೆ ಬಂದೀತು. ವಿಮೆಯೂ ಬೇಕು: 1,000ದಿಂದ 2,700 ಕಿಲೋ ಒಳಗಿನ ವಿಮಾನಕ್ಕೆ ಮೂರನೆಯವರ ನಷ್ಟದ ವಿಮೆ ಕನಿಷ್ಠ 30 ಲಕ್ಷ ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ), ಅದು ಬಾಲದಲ್ಲಿ ಯಾವ ಅಕ್ಷರವಿದ್ದರೂ. ಭಾವನವರು ಮಂದವೆಳಿಯ ಫ್ಲ್ಯಾಟ್ ಮಾರಿ ಹಣ ಕಳಿಸುವ ಮಾತಾಡುತ್ತಿದ್ದಾರೆ. ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಕಳಿಸಲು ರಿಸರ್ವ್ ಬ್ಯಾಂಕ್ ಬಿಡುತ್ತದೆ, ನಿಜ. ಬೇಡ ಅನ್ನು. ಆ ಫ್ಲ್ಯಾಟ್ ನಿನ್ನ ಅಪ್ಪ ಅಮ್ಮನ ಮುಪ್ಪಿನ ಆಸರೆ. ವಿಮಾನ ನಿನ್ನ ಸಂಬಳದಲ್ಲಿ ಬರಲಿ, ಇನ್ನೆರಡು ವರ್ಷ ತಡವಾದರೆ ಆಗಲಿ.

ನನ್ನ ಅಭಿಪ್ರಾಯ ಇಷ್ಟು: ಮೊದಲ ವಿಮಾನ ಜರ್ಮನ್ ನೋಂದಣಿಯದೇ ಇರಲಿ, ಅದನ್ನೂ ಫ್ಲೈಯಿಂಗ್ ಕ್ಲಬ್ಬಿನ ಇನ್ನಿಬ್ಬರ ಜೊತೆ ಪಾಲಿನಲ್ಲಿ ಕೊಳ್ಳು. ಹಣ ಕೊಡುವ ಮುಂಚೆ ಲಾಗ್‌ಬುಕ್ಕಿನ ಪ್ರತಿ ಪುಟದ ಫೋಟೊ, ಸೈಲೆನ್ಸರ್‌ನ ಫೋಟೊ ನನಗೆ ಕಳಿಸು. ನಾನು ಓದಿ ಫೋನ್ ಮಾಡುವವರೆಗೆ ಸಹಿ ಹಾಕಬೇಡ.